ಸುಧಾಕರನ ಸಿ ಡ್ರೈವ್, ಜತ್ತಪ್ಪನ ಕೋಣ

ಅಲ್ಲ ಶಬ್ನಾ, ಆ ಮೊದಲನೇ ಸಾಲನ್ನು ಹೊಡೆದು ಹಾಕು. 'ಬೆಳ್ತಂಗಡಿ ತಾಲೂಕಿಗೆ ಕಂಪ್ಯೂಟರ್ ತಂದ ಮಹನೀಯ' ಅಂತ ಬರೆದರೆ ಓದಿದವರು ಎಂತ ಹೇಳಲಿಕ್ಕಿಲ್ಲ? ತಂದದ್ದು ಅವನಲ್ಲ ಮಾರಾಯ್ತಿ, ಟೆಂಪೋದವನು. ಇವನು ಹಿಂದೆ ಪೆಟ್ಟಿಗೆ ಹಿಡಿದುಕೊಂಡು ಕೂತು ಬಂದದ್ದು. ಅದೂ ರಸ್ತೆಯಲ್ಲಿ ಗುಂಡಿ ಸಿಕ್ಕಿದಾಗೆಲ್ಲ ಪೆಟ್ಟಿಗೆ ಬಿಟ್ಟು ಟೆಂಪೋದ ಸರಳು ಹಿಡಿದುಕೊಳ್ಳುತ್ತಿದ್ದನಂತೆ.

ಕೂತುಕೊ. ಆ ಕುರ್ಚಿ ಬೇಡ, ಅದರ ಒಂದು ಕಾಲು ಸರಿ ಇಲ್ಲ, ಅದನ್ನು ನೆಂಟರಿಗೆ ಅಂತ ಇಟ್ಟದ್ದು. ಇಲ್ಲಿ ಜಗಲಿಯಲ್ಲೇ ಕೂತುಕೊ. ಚಾ ಕುಡಿ. ಟೈಪಿಂಗ್ ಕ್ಲಾಸಿನ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ನಿಮ್ಮ ಮಾಸ್ಟ್ರಿಗೆ ಸನ್ಮಾನ ಮಾಡ್ತೀರಿ, ಆಮೇಲೆ ಸ್ಮರಣ ಸಂಚಿಕೆ ತರ್ತೀರಿ, ಅದರಲ್ಲಿ ಮಾಸ್ಟ್ರ ತಾಯಿ ಹೇಳಿದ್ದು ಅಂತ ಒಂದು ಲೇಖನ ಬೇಕು. ಸಂತೋಷ. ಹಾರ ತುರಾಯಿ ನೀವು ಹಾಕಿ. ಉಳಿದದ್ದು ನಾನು ಹೇಳ್ತೇನೆ.

ನನ್ನ ಮಕ್ಕಳಲ್ಲಿ ಕಿರಿಯವನು ಸುಧಾಕರ. ಹುಟ್ಟಿದ್ದು ಕೊಕ್ಕಡದಲ್ಲಿ, ನನ್ನ ತಾಯಿಮನೆಯಲ್ಲಿ. ಅಲ್ಲಿ ನನ್ನ ಅಣ್ಣಂದಿರ ರಬ್ಬರ್ ತೋಟ ಉಂಟು. ಇವನನ್ನು ಅಲ್ಲೇ ಇಟ್ಟುಕೊಂಡು ಕೆಲಸ ಕಲಿಸುವ ಅಂತ ಅಣ್ಣ ಹೇಳಿದ. ಆದರೆ ರಬ್ಬರ್ ಮರ ಕೆರೆಯಲಿಕ್ಕೆ ಬೆಳಕು ಹರಿಯುವ ಮೊದಲೇ ಏಳಬೇಕಲ್ಲ, ಅದು ಇವನಿಂದ ಆಗುವುದಿಲ್ಲ. ಹಾಗಾಗಿ ವಿದ್ಯೆಯ ಕಡೆಗೆ ಒಲವು ಬಂತು. ಅದನ್ನು ಹಾಗೆಯೇ ಬರೆ, 'ಬಾಲ್ಯದಿಂದಲೇ ವಿದ್ಯೆಯ ಕಡೆಗೆ ಒಲವು'. ಸುಳ್ಳಲ್ಲ.

ಬಂಟ್ವಾಳದಲ್ಲಿ ಟೈಪಿಂಗ್ ಕಲಿತು ಬಂದ. ತೊಂಬತ್ತರ ಆಚೀಚೆ ಗುರುವಾಯನಕೆರೆಯಲ್ಲಿ, ಬಸ್ಸು ನಿಲ್ಲುವಲ್ಲಿ, ಆ ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಇನ್‌ಸ್ಟಿಟ್ಯೂಟ್ ಇಟ್ಟ. ಕೆಳಗೆ ಕಬ್ಬಿಣದ ಸದ್ದು, ಮೇಲೆ ಟೈಪಿಂಗ್ ಸದ್ದು. ಕೆಳಗಿನವನು ಇವನ ಮೇಲೆ ದೂರು ಹೇಳುತ್ತಿದ್ದ, ಗಿರಾಕಿ ಕೇಳಿದ್ದು ಮೊಳೆಯೋ ಬೋಲ್ಟೋ ಅಂತ ಗೊತ್ತಾಗುವುದಿಲ್ಲ ಅಂತ. ಆದರೂ ನಡೆಯಿತು. ಆ ಕಾಲದಲ್ಲಿ ಟೈಪಿಂಗ್ ಪಾಸಾಗದ ಹುಡುಗಿಗೆ ಗಂಡು ಸಿಗುವುದೂ ಕಷ್ಟವಿತ್ತು. ಗಂಡನಿಗೆ ಎಂತ ಟೈಪ್ ಮಾಡಿ ಕೊಡಬೇಕೋ ದೇವರಿಗೇ ಗೊತ್ತು.

ಅವನದೊಂದು ಗುಣ ಉಂಟು, ಅದನ್ನು ಬರೆದುಕೊ, ಮುಂದೆ ಬೇಕಾಗುತ್ತದೆ. ಯಾರು ದಾರಿ ಕೇಳಿದರೂ ಅವನು ತನ್ನ ಅಂಗಡಿಯಿಂದಲೇ ಶುರು ಮಾಡುವುದು. ಒಮ್ಮೆ ನಾವಿಬ್ಬರು ಮೂಡುಬಿದಿರೆ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಇದ್ದೆವು. ಒಬ್ಬ ಅಜ್ಜ, ಕೈಯಲ್ಲಿ ಬಾಳೆಗೊನೆ, ಬಂದು ಕೇಳಿದ, "ಇಲ್ಲಿ ಕಣ್ಣಿನ ಡಾಕ್ಟ್ರು ಎಲ್ಲಿ?" ಡಾಕ್ಟ್ರ ಬೋರ್ಡು ನಮ್ಮ ತಲೆಯ ಮೇಲೆಯೇ ಉಂಟು. ಪಾಪ ಅವನಿಗೆ ಕಾಣುವುದಿಲ್ಲ, ಕಾಣುತ್ತಿದ್ದರೆ ಡಾಕ್ಟ್ರು ಯಾಕೆ? ನಮ್ಮ ಸುಧಾಕರ ಗಂಟಲು ಸರಿ ಮಾಡಿಕೊಂಡು ಹೇಳಿದ, "ನೋಡಿ, ಗುರುವಾಯನಕೆರೆಯಲ್ಲಿ ನನ್ನ ಅಂಗಡಿ ಎದುರು ಬಸ್ಸು ಹತ್ತಬೇಕು. ವೇಣೂರು ದಾಟಿ ಮೂಡುಬಿದಿರೆಯಲ್ಲಿ ಇಳಿಯಬೇಕು. ಇಳಿದ ಕೂಡಲೇ ಬಲಕ್ಕೆ ಮೆಟ್ಟಿಲು." ಆ ಅಜ್ಜ ಗುರುವಾಯನಕೆರೆಗೆ ಹೋಗುವ ಬಸ್ಸು ಯಾವುದು ಅಂತ ಹುಡುಕಲಿಕ್ಕೆ ಹೊರಟೇ ಬಿಟ್ಟ. ನಾನು ಓಡಿ ಹೋಗಿ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಸುಧಾಕರ ಹೇಳುತ್ತಾನೆ, "ನಾನು ಹೇಳಿದ ದಾರಿ ತಪ್ಪಾ?" ತಪ್ಪಲ್ಲ ಮಗನೇ, ನಿನಗೆ ಸರಿ.

ಈಗ ಕಂಪ್ಯೂಟರಿಗೆ ಬರುವ. ಟೈಪಿಂಗ್ ಮೆಷಿನ್‌ಗೆ ಜನ ಕಡಿಮೆಯಾದ ಮೇಲೆ ತಂದದ್ದು. ತಂದ ದಿನ ಅದಕ್ಕೊಂದು ಬಿಳಿ ಅಂಗಿ ಹೊಲಿಸಿದ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ನನ್ನಿಂದ ಹನ್ನೆರಡು ವರ್ಷ ಕೈ ತೊಳೆದು ಬಾ ಅಂತ ಹೇಳಿಸಿಕೊಂಡು ಊಟಕ್ಕೆ ಕೂತವನು ಅವನು. ಆಯುಧಪೂಜೆಗೆ ಕುಂಕುಮ ಹಚ್ಚಿದ, ಅದು ಯಾವುದೋ ಸಂದಿಗೆ ಹೋಗಿ ರಿಪೇರಿಗೆ ಮಂಗಳೂರಿಗೆ ಹೋಯಿತು. ಹೋಗಲಿ, ಅದು ಬೇರೆ ಕಥೆ.

ಕಂಪ್ಯೂಟರಿನ ಒಳಗೆ ಸಿ ಡ್ರೈವ್ ಅಂತ ಉಂಟಲ್ಲ, ನನಗೆ ಅರ್ಥವಾದ ಹಾಗೆ ಅದೊಂದು ದೊಡ್ಡ ಕಪಾಟು. ಫೋಲ್ಡರ್ ಅಂದರೆ ಆ ಕಪಾಟಿನ ಖಾನೆ. ನಮ್ಮ ಮಾಸ್ಟ್ರ ಮೊದಲನೇ ಪಾಠ ಎಂತ? ಸಿ ಡ್ರೈವಿನಲ್ಲಿ 'ಫೋಟೋ' ಅಂತ ಒಂದು ಫೋಲ್ಡರ್ ಮಾಡಬೇಕು, ಅದರಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟು ಫೋಟೋ ಇಡಬೇಕು. ಇದಕ್ಕೆ ಶಿಸ್ತು ಅಂತ ಹೆಸರು. ಇವನ ಹತ್ತಿರ ಕಲಿತವರು ಎಲ್ಲೆಲ್ಲಿ ಕಂಪ್ಯೂಟರ್ ತೆಗೆದುಕೊಂಡರೋ ಅಲ್ಲೆಲ್ಲ ಅದೇ ಕಪಾಟು, ಅದೇ ಖಾನೆ, ಅದೇ ನಂಬರು. ಬಂಟ್ವಾಳದಿಂದ ಮೂಡುಬಿದಿರೆವರೆಗೆ. ಸರಕಾರಿ ಕ್ವಾರ್ಟರ್ಸಿನ ಹಾಗೆ.

ಆಗಲೇ ನಸೀಬಾ ಬಂದದ್ದು. ಮೂಡುಬಿದಿರೆಯಲ್ಲಿ ಬಿ.ಸಿ.ಎ. ಮಾಡಿದ ಹುಡುಗಿ, ಇಲ್ಲಿ ಪಾಠ ಮಾಡಲಿಕ್ಕೆ ಸೇರಿದ್ದು. ಮಾತಿಗೊಮ್ಮೆ 'ಸರ್' ಅಂತಾಳೆ, ಆದರೆ ಆ ಸರ್ ಒಳಗೆ ಒಂದು ಮುಳ್ಳು ಉಂಟು. ನನಗೆ ಅವಳೆಂದರೆ ಬಹಳ ಇಷ್ಟ. ನನ್ನ ಒಣಮೀನಿನ ಚಟ್ನಿ ತಿಂದು, ಖಾರ ಸಾಲದು ಅಂತ ಹೇಳಿದ ಒಂದೇ ಜೀವ ಅದು.

ಹಾಂ, ಈಗ ಸುರಕ್ಷಾ. ನನ್ನ ಮಗಳು ಜಲಜಾಕ್ಷಿಯ ಮಗಳು, ಅಂದರೆ ಸುಧಾಕರನ ಸೊಸೆಯಾಗಬೇಕು, ಅಕ್ಕನ ಮಗಳು. ನಮ್ಮಲ್ಲಿ ಹುಡುಗಿಯ ಮದುವೆ ಅಂದರೆ ಸೋದರಮಾವನೇ ಮುಂದೆ ನಿಲ್ಲುವುದು. ಅಪ್ಪ ಅಮ್ಮ ಹಿಂದೆ ನಿಂತು ಖರ್ಚು ಮಾಡುವುದು. ಅವಳು ಮೂಡುಬಿದಿರೆಯಲ್ಲಿ ಟೀಚರ್ ಆಗಿದ್ದಳು. ಬಂದ ಎರಡು ಸಂಬಂಧವನ್ನು ಬೇಡ ಅಂದಳು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು.

ಬಂಟ್ವಾಳದಲ್ಲಿ ಒಂದು ಮದುವೆ ಊಟಕ್ಕೆ ಹೋಗಿದ್ದಳು. ಊಟದ ಪಂಕ್ತಿಯಲ್ಲಿ ಎದುರು ಒಬ್ಬ ಹುಡುಗ ಕೂತಿದ್ದ. ಮದುವೆಯ ಕಾರ್ಡನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದನಂತೆ. ಅದರಲ್ಲಿ ಅಚ್ಚು ಸರಿ ಬೀಳದೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿತ್ತು. "ಮದುಮಗನ ಹೆಸರು ಮುಹೂರ್ತಕ್ಕೆ ಮೊದಲೇ ಹೋಗಿ ಮದುಮಗಳ ಹೆಸರಿನ ಮೇಲೆ ಬಿದ್ದಿದೆ" ಅಂದನಂತೆ. ಇವಳು ಮಜ್ಜಿಗೆ ಕುಡಿಯುತ್ತಾ ಇದ್ದವಳು, ನಗು ಬಂದು ಮಜ್ಜಿಗೆ ಮೂಗಿಗೆ ಹತ್ತಿತು. ಅವನು ನೀರಿನ ಲೋಟ ದೂಡಿದ. ಹೆಸರು ಕೇಳುವಷ್ಟರಲ್ಲಿ ಹಿಂದಿನಿಂದ ಯಾರೋ ಬಂದು ಏಳಿ ಏಳಿ, ಮುಂದಿನ ಪಂಕ್ತಿಗೆ ಜಾಗ ಬಿಡಿ ಅಂತ ಎಬ್ಬಿಸಿದರು. ಅಷ್ಟೇ. ಆಮೇಲೆ ಇವಳು ಹೇಗೋ ವಿಚಾರಿಸಿದಳು, ಜಿತೇಶ್ ಅಂತ, ಮಸ್ಕತ್ತಿನಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಅವನಿಗೆ ಇವಳ ಹೆಸರೂ ಗೊತ್ತಿಲ್ಲ, ಮುಖ ಮಾತ್ರ ಗೊತ್ತು. ಅದೂ ಮೂಗಿನಲ್ಲಿ ಮಜ್ಜಿಗೆ ಇದ್ದ ಮುಖ.

ದೇವರು ಒಮ್ಮೊಮ್ಮೆ ಎಚ್ಚರವಾಗಿರುತ್ತಾನೆ. ಮರು ವರ್ಷ, ಎರಡು ಸಾವಿರದ ಮೂರೋ ನಾಲ್ಕೋ, ಅದೇ ಜಿತೇಶನಿಗೆ ಹುಡುಗಿ ನೋಡ್ತಾ ಇದ್ದಾರೆ ಅಂತ ಸುದ್ದಿ ಬಂತು. ನೋಡುವವನು ಅವನ ಸೋದರಮಾವ, ಬಂಟ್ವಾಳದ ಜತ್ತಪ್ಪ. ಇಲ್ಲೂ ಸೋದರಮಾವ, ಅಲ್ಲೂ ಸೋದರಮಾವ, ಅಂದರೆ ಕೆಲಸ ಕೆಡಲಿಕ್ಕೆ ಬೇಕಾದದ್ದೆಲ್ಲ ಉಂಟು. ಜತ್ತಪ್ಪನಿಗೆ ಕಾರ್ಕಳದ ಒಂದು ಹುಡುಗಿ ಆಗಲೇ ಮನಸ್ಸಿನಲ್ಲಿ ಇದ್ದಳು. ಆದರೂ ಮರ್ಯಾದೆಗೆ ಹೇಳಿದ, "ನಿಮ್ಮದೂ ಒಂದು ಫೋಟೋ ಕೊಡಿ, ಕಾರ್ಕಳದವರಿಗೆ ಮಾತು ಕೊಡುವ ಮೊದಲು ನೋಡುವ."

ಜಲಜಾಕ್ಷಿ ಹೇಳಿದಳು, "ಸ್ಟುಡಿಯೋ ಫೋಟೋ ಉಂಟು. ಕವರಿಗೆ ಅರಶಿನ ಹಚ್ಚಿ ಕೊಟ್ಟು ಬಾ ತಮ್ಮಾ, ಮುಗಿಯಿತು."

"ಅಕ್ಕಾ, ಫೋಟೋ ಕೊಡುವ ಕಾಲ ಹೋಯಿತು. ನಾನು ಸಿಡಿ ಮಾಡ್ತೇನೆ. ಒಂದು ಒತ್ತಿದರೆ ಫೋಟೋ, ಇನ್ನೊಂದು ಒತ್ತಿದರೆ ಮನೆ, ಮತ್ತೊಂದು ಒತ್ತಿದರೆ ಹವ್ಯಾಸ. ಗಲ್ಫಿನವರಿಗೆ ಹಾಗೆ ಇರಬೇಕು."

"ಹುಡುಗಿಯನ್ನು ಕೊಡುವುದಾ, ಮಿಕ್ಸಿಯನ್ನಾ?" ಅಂತ ನಾನು ಕೇಳಿದೆ. ನನ್ನ ಮಾತು ಯಾರು ಕೇಳ್ತಾರೆ.

ಅವನು ಮೂರು ಸಂಜೆ ಕೂತು ಮಾಡಿದ. ಎಲ್ಲ ಇಂಗ್ಲಿಷಿನಲ್ಲಿ. ಯಾಕೆ ಅಂದರೆ ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಚೌಕ ಚೌಕ ಕಾಣುತ್ತದಂತೆ. ಅಷ್ಟು ದೂರದ ಬುದ್ಧಿ ಅವನಿಗೆ ಇತ್ತು, ಅದನ್ನು ಒಪ್ಪಬೇಕು. ಆದರೆ ಒಂದೊಂದು ಫೋಟೋ ಎಲ್ಲಿಂದ ತೆಗೆದುಕೊಳ್ಳಬೇಕು ಅಂತ ಒಂದು ವಿಳಾಸ ಬರೆಯಬೇಕಂತೆ. ಅದು ಹೀಗೆ: ಮೊದಲು 'ಫೈಲ್', ಎರಡು ಚುಕ್ಕಿ, ಮೂರು ಓರೆ ಗೀಟು, ಆಮೇಲೆ ಸಿ ಡ್ರೈವ್, ಅದರಲ್ಲಿ ಫೋಟೋ, ಅದರಲ್ಲಿ ಒಂದನೇ ನಂಬರ್. ಮೂರು ಗೀಟು ಅಂದ ಕೂಡಲೇ ನನಗೆ ಗೊತ್ತಾಗಬೇಕಿತ್ತು. ನಮ್ಮ ಊರಿನಲ್ಲಿ ಮೂರು ನಾಮ ಹಾಕಿಸಿಕೊಳ್ಳದೆ ಮುಗಿದ ಕೆಲಸ ಉಂಟಾ?

ನಸೀಬಾ ಬಗ್ಗಿ ನೋಡಿದಳು. "ಸರ್, ಇದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಕಾಣುವುದು."

"ಎಂತ ಮಾತಾಡ್ತೀ? ಸಿಡಿ ಹಾಕಿ ನೋಡಿದ್ದೇನೆ. ಎಲ್ಲ ಬರುತ್ತದೆ."

"ಎಲ್ಲಿ ಹಾಕಿ ನೋಡಿದ್ದು ಸರ್?"

"ಇಲ್ಲೇ."

"ಇಲ್ಲಿ ಬಂದೇ ಬರುತ್ತದೆ ಸರ್, ಇಲ್ಲಿ ನೀವಿದ್ದೀರಲ್ಲ." ಅಂತ ಹೇಳಿ ಅವಳು ಪಾಠಕ್ಕೆ ಹೋದಳು.

ಸಿಡಿ ಎರಡು ಆಯಿತು. ಒಂದು ಮಸ್ಕತ್ತಿಗೆ, ಜಿತೇಶನಿಗೆ. ಅದನ್ನು ತೆಗೆದುಕೊಂಡು ಹೋದವನು ನಿನ್ನ ಸೋದರಮಾವ, ತೋಡಾರಿನ ಮೊಯ್ದೀನ್. ಆಗ ಅವನಿಗೂ ಮಸ್ಕತ್ತಿನಲ್ಲೇ ಕೆಲಸ, ರಜೆ ಮುಗಿದು ಹೊರಟಿದ್ದ. ನಿಮ್ಮಲ್ಲೂ ಸೋದರಮಾವ ಇಲ್ಲದೆ ಎಂತದೂ ಆಗುವುದಿಲ್ಲ ನೋಡು. ಇನ್ನೊಂದನ್ನು ಸುಧಾಕರ ಸ್ವತಃ ಬಂಟ್ವಾಳಕ್ಕೆ ತೆಗೆದುಕೊಂಡು ಹೋದ. ನಾನೂ ಹೋದೆ. ಕರೆಯಲಿಲ್ಲ, ಆದರೆ ಹೋದೆ.

ಜತ್ತಪ್ಪನ ಮನೆಯಲ್ಲಿ ಜನ ತುಂಬಿತ್ತು. ಅವನದು ಕಂಬಳದ ಹುಚ್ಚು. ಕೋಣದ ಹೆಸರು ಪಾಂಡು. ಹೆಂಡತಿಗಿಂತ ಹೆಚ್ಚು ಎಣ್ಣೆ ಆ ಕೋಣಕ್ಕೆ. ಪಾಂಡು ಗೆದ್ದ ಫಲಕಗಳನ್ನು ಗೋಡೆ ತುಂಬ ತೂಗಿಸಿದ್ದಾನೆ, ಮದುವೆಯ ಫೋಟೋ ಬಾಗಿಲಿನ ಹಿಂದೆ. ಅವನ ಮಗಳೂ ಸುಧಾಕರನ ಹತ್ತಿರವೇ ಕಲಿತವಳು. ಅವಳೇ ಸಿಡಿ ಹಾಕಿದಳು. ಎಲ್ಲರೂ ಎದುರು ಕೂತರು, ಜತ್ತಪ್ಪನ ತಾಯಿಗೆ ಹತ್ತಿರದ ಕುರ್ಚಿ, ಕಣ್ಣು ಮಂಜು ಅಂತ.

ಪರದೆಯಲ್ಲಿ ಅಕ್ಷರ ಬಂತು. ಸುಧಾಕರ ನಿಂತು ಓದಿ ಹೇಳಿದ. "ಹೆಸರು ಸುರಕ್ಷಾ. ಓದಿದ್ದು ಬಿ.ಎ., ಬಿ.ಎಡ್. ಬಣ್ಣ ಗೋಧಿ. ಸ್ವಭಾವ ಶಾಂತ."

ಅದರ ಕೆಳಗೆ ಒಂದು ಕೋಣ.

ಕೊಂಬಿಗೆ ಎಣ್ಣೆ ಹಚ್ಚಿ, ಹಣೆಗೆ ಪಟ್ಟಿ ಕಟ್ಟಿ, ತಲೆಯನ್ನು ಒಂಚೂರು ಓರೆ ಮಾಡಿ ನಿಂತದ್ದು. ಸ್ಟುಡಿಯೋದವನು ನಮ್ಮ ಸುರಕ್ಷಾಳಿಗೂ ತಲೆ ಹಾಗೆಯೇ ಓರೆ ಮಾಡಿಸಿದ್ದ.

ಸುಧಾಕರ ಗಡಿಬಿಡಿಯಲ್ಲಿ ಮುಂದಿನದ್ದು ಒತ್ತಿದ. 'ಹವ್ಯಾಸ: ಹಾಡು, ಓದು, ಹೂತೋಟ' ಅಂತ ಬಂತು. ಕೆಳಗೆ ಅದೇ ಕೋಣ ಕೆಸರು ಹಾರಿಸಿಕೊಂಡು ಓಡುವುದು. ಮತ್ತೊಂದು ಒತ್ತಿದ. 'ನಮ್ಮ ಕುಟುಂಬ'. ಕೋಣಗಳ ಜೋಡಿ, ಓಡಿಸುವವನು, ಜತ್ತಪ್ಪ.

ಜತ್ತಪ್ಪನ ತಾಯಿ ಮುಂದೆ ಬಗ್ಗಿ ನೋಡಿದರು. "ಹುಡುಗಿ ಒಂಚೂರು ಕಪ್ಪು. ಆದರೆ ಮೈಕಟ್ಟು ಒಳ್ಳೆಯದುಂಟು" ಅಂದರು.

ನಗು ಬಂತು ಮಾರಾಯ್ತಿ, ಸೆರಗು ಬಾಯಿಗೆ ತುರುಕಿಕೊಂಡೆ. ನಕ್ಕರೆ ಮೊಮ್ಮಗಳ ಸಂಬಂಧ ಹೋಗುತ್ತದೆ. ನಗದಿದ್ದರೆ ನಾನೇ ಹೋಗ್ತೇನೆ.

ಜತ್ತಪ್ಪ ಎದ್ದು ನಿಂತ. "ಸುಧಾಕರ ಮಾಸ್ಟ್ರೇ, ನನ್ನ ಪಾಂಡುವಿನ ಫೋಟೋ ನಿಮ್ಮ ಸಿಡಿಗೆ ಹೇಗೆ ಬಂತು?"

"ಬರಲಿಲ್ಲ ಜತ್ತಪ್ಪಣ್ಣ. ಅದು ಹೇಗೆಂದರೆ..."

"ಎದುರು ಕಾಣ್ತಾ ಉಂಟಲ್ಲ. ಕದ್ದದ್ದಾ?"

ಅವನ ಮಗಳು ಹಿಂದಿನಿಂದ ಮೆಲ್ಲಗೆ ಹೇಳಿದಳು, "ಅಪ್ಪಾ, ಅದು ನಮ್ಮದೇ ಸಿ ಡ್ರೈವಿನಲ್ಲಿ ಇರುವ ಫೋಟೋ. ಸರ್ ಕಲಿಸಿದ ಹಾಗೆ ನಂಬರ್ ಕೊಟ್ಟು ಇಟ್ಟದ್ದು." ಆ ಹುಡುಗಿ ಹೇಳಿದ್ದೇ ಸತ್ಯ. ಸಿಡಿಯಲ್ಲಿ ಇದ್ದದ್ದು ಬರೀ ವಿಳಾಸ, ಸಿ ಡ್ರೈವಿನ ಫೋಟೋ ಖಾನೆಯ ಒಂದನೇ ನಂಬರ್ ಅಂತ. ಅದನ್ನು ಓದಿ ಜತ್ತಪ್ಪನ ಕಂಪ್ಯೂಟರ್ ತನ್ನದೇ ಕಪಾಟು ತೆರೆಯಿತು, ತನ್ನದೇ ಒಂದನೇ ನಂಬರ್ ತೋರಿಸಿತು. ಅದಕ್ಕೆ ಸುರಕ್ಷಾ ಯಾರು ಅಂತ ಗೊತ್ತುಂಟಾ? ಆದರೆ ಸಿಟ್ಟು ಬಂದವನಿಗೆ ಇದೆಲ್ಲ ಯಾರು ಹೇಳುವುದು.

"ಬರುವ ವಾರ ಕಂಬಳ ಉಂಟು. ಯಾರಿಗೆಲ್ಲ ತೋರಿಸಿದ್ದೀರಿ ಇದನ್ನು?"

ಸುಳ್ಳು ಹೇಳಬೇಕಾದಲ್ಲಿ ನಮ್ಮ ಸುಧಾಕರನಿಗೆ ಸತ್ಯ ನೆನಪಾಗುತ್ತದೆ. "ಇಲ್ಲಿ ಮಾತ್ರ. ಮತ್ತೆ ಒಂದು ಸಿಡಿ ಮಸ್ಕತ್ತಿಗೆ ಕಳಿಸಿದ್ದೇನೆ."

"ಮಸ್ಕತ್ತಿಗೆ? ಸಮುದ್ರದ ಆಚೆಯವರ ದೃಷ್ಟಿಯೂ ಬೀಳಲಿ ಅಂತಲಾ?"

ಚಾ ಕೊಟ್ಟರು, ಸಕ್ಕರೆ ಹಾಕಲಿಲ್ಲ. ಬರುವ ಆದಿತ್ಯವಾರ ಕಾರ್ಕಳದವರಿಗೆ ಮಾತು ಕೊಡ್ತೇನೆ ಅಂತ ಜತ್ತಪ್ಪ ಬಾಗಿಲಲ್ಲೇ ಹೇಳಿದ. ಬಸ್ಸಿನಲ್ಲಿ ಸುಧಾಕರ ನನ್ನ ಹತ್ತಿರ ಕೂರಲಿಲ್ಲ, ಹಿಂದೆ ಹೋಗಿ ಕೂತ.

ಮಂಗಳವಾರ ಇನ್‌ಸ್ಟಿಟ್ಯೂಟಿಗೆ ಫೋನ್ ಬಂತು, ಮಸ್ಕತ್ತಿನಿಂದ. ನಾನು ಊಟದ ಬುತ್ತಿ ಕೊಡಲಿಕ್ಕೆ ಹೋದವಳು ಅಲ್ಲೇ ಇದ್ದೆ. ಜಿತೇಶ್ ಬಹಳ ಮರ್ಯಾದೆಯಿಂದ ಮಾತಾಡಿದ. ಅವರ ಪ್ರೆಸ್ಸಿನಲ್ಲಿ ಇರುವುದು ಬೇರೆ ಜಾತಿಯ ಕಂಪ್ಯೂಟರ್, ಕಚ್ಚಿದ ಆಪಲಿನ ಗುರುತಿನದ್ದು. ಅದರಲ್ಲಿ ಸಿ ಡ್ರೈವ್ ಅಂತ ಒಂದು ಇಲ್ಲವೇ ಇಲ್ಲವಂತೆ. ಬೇರೆ ಎಲ್ಲ ಉಂಟಂತೆ, ಸಿ ಮಾತ್ರ ಇಲ್ಲ. "ಸರ್, ಹೆಸರು ಬಂತು, ಓದಿದ್ದು ಬಂತು. ಫೋಟೋದ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಉಂಟು. ಅದು ಬೇಕೆಂತಲೇ ಹಾಗೆ ಮಾಡಿದ್ದಾ?"

ಸುಧಾಕರ ರಿಸೀವರ್ ಇಟ್ಟು ನೆಲ ನೋಡಿದ. "ಸಿ ಡ್ರೈವ್ ಇಲ್ಲದ ಕಂಪ್ಯೂಟರ್ ಅದೆಂತ ಕಂಪ್ಯೂಟರ್?" ಅಂದ. ದೇವರಿಲ್ಲದ ಮನೆ ಅಂತ ಹೇಳಿದ ಹಾಗೆ.

ಅಷ್ಟರಲ್ಲಿ ಸುರಕ್ಷಾ ಶಾಲೆಗೆ ರಜೆ ಹಾಕಿ ಬಂದಳು, ಫೋನಿನ ಸುದ್ದಿಯನ್ನು ನಾನೇ ಹೇಳಿದೆ. ಅವಳು ಬೊಬ್ಬೆ ಹಾಕುವವಳಲ್ಲ. ಮಾವನ ಎದುರು ಕುರ್ಚಿ ಎಳೆದು ಕೂತಳು. "ಮಾವಾ, ಬಂಟ್ವಾಳದಲ್ಲಿ ಕೋಣ ಆದೆ, ಮಸ್ಕತ್ತಿನಲ್ಲಿ ಪ್ರಶ್ನೆ ಚಿಹ್ನೆ ಆದೆ. ಇನ್ನು ಮನುಷ್ಯಳಾಗಿ ಯಾವ ಊರಿನಲ್ಲಿ ತೋರಿಸ್ತೀರಿ?"

"ನಿನಗೆ ಬೇರೆ ಒಳ್ಳೆಯ ಸಂಬಂಧ ನೋಡುವ ಮಗಾ."

"ಬೇರೆ ಬೇಡ."

ಅಷ್ಟು ಹೇಳಿ ಅವಳು ನನ್ನ ಮುಖ ನೋಡಿದಳು. ಸುಧಾಕರನೂ ನನ್ನ ಮುಖ ನೋಡಿದ. ಕೀಬೋರ್ಡ್ ನೋಡದೆ ಟೈಪ್ ಮಾಡುವವನು ಅವನು, ಮುಖ ನೋಡಿಯೂ ಓದಲಿಕ್ಕೆ ಬರುವುದಿಲ್ಲ ಅಂತ ಇಷ್ಟು ವರ್ಷ ನಾನು ತಿಳಿದುಕೊಂಡಿದ್ದೆ. ಆದರೆ ಆ ದಿನ ಓದಿದ. ಬೇಗ ಎದ್ದು ಒಳಗೆ ಹೋಗಿ, "ನಸೀಬಾ, ಒಂದು ನಿಮಿಷ ಬಾ" ಅಂತ ಕರೆದ. ಅದನ್ನು ಬರೆ ಶಬ್ನಾ. ಸನ್ಮಾನ ಮಾಡುವುದಾದರೆ ಆ ಒಂದು ನಿಮಿಷಕ್ಕೆ ಮಾಡಿ.

ನಸೀಬಾ ಆ ವಿಳಾಸವನ್ನು ತೆಗೆದು ತೋರಿಸಿದಳು. "ಸರ್, ಗಲ್ಫಿಗೆ ರಟ್ಟಿನ ಪೆಟ್ಟಿಗೆ ಕಟ್ಟಿ ಕಳಿಸ್ತೇವಲ್ಲ. ಅದರೊಳಗೆ 'ಹಪ್ಪಳ ನಮ್ಮ ಅಡಿಗೆಮನೆಯ ಅಟ್ಟದಲ್ಲಿ ಉಂಟು, ತೆಗೆದುಕೊಳ್ಳಿ' ಅಂತ ಚೀಟಿ ಹಾಕ್ತಾರಾ?"

"ಇಲ್ಲ."

"ನೀವು ಹಾಕಿದ್ದೀರಿ."

ನನಗೆ ಕೂಡಲೇ ಅರ್ಥ ಆಯಿತು. ಹಪ್ಪಳ ಪೆಟ್ಟಿಗೆಯ ಒಳಗೇ ಇರಬೇಕು, ಚೀಟಿಯಲ್ಲಿ 'ಇದೇ ಪೆಟ್ಟಿಗೆಯಲ್ಲಿ, ಅಕ್ಕಿಹುಡಿಯ ಕೆಳಗೆ' ಅಂತ ಇರಬೇಕು. ಪೆಟ್ಟಿಗೆ ಮಸ್ಕತ್ತಿಗೆ ಹೋಗಲಿ, ಕೊಕ್ಕಡಕ್ಕೆ ಹೋಗಲಿ, ಹಪ್ಪಳ ಅಕ್ಕಿಹುಡಿಯ ಕೆಳಗೇ ಸಿಗುತ್ತದೆ. ಸಿ ಡ್ರೈವಿನ ಹೆಸರೇ ಎತ್ತಬಾರದು. ಈ ಪುಟ ಎಲ್ಲಿ ಉಂಟೋ ಅದರ ಪಕ್ಕದ ಖಾನೆ ಅಂತ ಮಾತ್ರ ಹೇಳಬೇಕು. ಇಷ್ಟೇ ವಿಷಯಕ್ಕೆ ಬಿ.ಸಿ.ಎ. ಮೂರು ವರ್ಷವಂತೆ.

ಸುಧಾಕರ ಎಲ್ಲ ತಿದ್ದಿದ. ಫೋಟೋಗಳಿಗೆ ನಂಬರಿನ ಬದಲು ಹೆಸರು ಕೊಟ್ಟು ಪುಟಗಳ ಜೊತೆಗೇ ಇಟ್ಟ. ಅವನ ಕಂಪ್ಯೂಟರಿನಲ್ಲಿ ಚಂದ ಬಂತು. "ಆಯಿತಲ್ಲ, ಕಳಿಸುವ" ಅಂದ.

"ಇಲ್ಲಿ ಬಂದದ್ದು ಲೆಕ್ಕಕ್ಕಿಲ್ಲ ಸರ್. ನಿಮ್ಮ ಗುರುತು ಪರಿಚಯ ಇಲ್ಲದ ಕಂಪ್ಯೂಟರಿನಲ್ಲಿ ನೋಡುವ" ಅಂದಳು ನಸೀಬಾ.

ಬೆಳ್ತಂಗಡಿಯಲ್ಲಿ ಅಂಥದ್ದು ಎಲ್ಲಿ ಸಿಗುತ್ತದೆ? ಎಲ್ಲ ಇವನ ಶಿಷ್ಯರದ್ದೇ. ಹಾಗಾಗಿ ಮೂಡುಬಿದಿರೆಗೆ ಹೊರಟರು. ನಸೀಬಾಳ ಗೆಳತಿಯೊಬ್ಬಳು ಅಲ್ಲಿ ಒಂದು ಕಂಪ್ಯೂಟರ್ ಲ್ಯಾಬಿನಲ್ಲಿ ಇದ್ದಳು. ನಾನೂ ಕನ್ನಡಕ ತೋರಿಸುವ ನೆಪದಲ್ಲಿ ಬಸ್ಸು ಹತ್ತಿದೆ. ವೇಣೂರಿನವರೆಗೆ ಸುಧಾಕರ ಆ ಸಿಡಿಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದುಕೊಂಡಿದ್ದ. ಸುರಕ್ಷಾ ಕಿಟಕಿಯಲ್ಲಿ ಹೊರಗೆ ನೋಡಿಕೊಂಡಿದ್ದಳು.

ಆ ಲ್ಯಾಬಿನಲ್ಲಿ ಇದ್ದದ್ದು ಮೂರನೇ ಜಾತಿ, ಲಿನಕ್ಸ್ ಅಂತ. ಸಿಡಿ ಹಾಕಿದರು. ಅಕ್ಷರ ಬಂತು, ಫೋಟೋ ಒಂದೂ ಬರಲಿಲ್ಲ. ಸುಧಾಕರ ಸಿಡಿ ಹೊರಗೆ ತೆಗೆದು, ಅಂಗಿಗೆ ಒರೆಸಿ ಮತ್ತೆ ಹಾಕಿದ.

ನಸೀಬಾ ನೋಡಿದಳು. "ಸರ್, ಖಾನೆಗೂ ಫೋಟೋಗೂ ನಡುವೆ ಗೀಟು ಎಳೆದಿದ್ದೀರಲ್ಲ, ಅದು ಹಿಂದಕ್ಕೆ ವಾಲಿದೆ. ಮುಂದಕ್ಕೆ ವಾಲಬೇಕು."

"ನಮ್ಮ ಕಂಪ್ಯೂಟರಿನಲ್ಲಿ ಹಿಂದಕ್ಕೆ ವಾಲಿದ್ದೇ ನಡೆಯುತ್ತದೆ."

"ನಮ್ಮದರಲ್ಲಿ ಎರಡೂ ನಡೆಯುತ್ತದೆ ಸರ್. ಇದರಲ್ಲಿ ಒಂದೇ. ಎಲ್ಲ ಕಡೆ ನಡೆಯುವುದನ್ನು ಹಾಕಿದರೆ ಯಾರಿಗೂ ಜಗಳ ಇಲ್ಲ."

ಆಕಾಶಕ್ಕೆ ರಾಕೆಟ್ ಬಿಡ್ತಾರೆ, ಒಂದು ಗೀಟು ಯಾವ ಕಡೆಗೆ ವಾಲಬೇಕು ಅಂತ ಇವರಿಗೆಲ್ಲ ಸೇರಿ ಒಂದು ಮೀಟಿಂಗ್ ಮಾಡಲಿಕ್ಕೆ ಆಗಲಿಲ್ಲ. ನಮ್ಮ ಭಜನಾ ಮಂಡಳಿಯೇ ವಾಸಿ.

ಗೀಟುಗಳನ್ನೆಲ್ಲ ಮುಂದಕ್ಕೆ ವಾಲಿಸಿದರು. ನಮ್ಮ ಮನೆಯ ಫೋಟೋ ಬಂತು, ಜಲಜಾಕ್ಷಿಯ ಫೋಟೋ ಬಂತು. ಸುರಕ್ಷಾಳದ್ದು ಮಾತ್ರ ಬರಲಿಲ್ಲ. ಸುರಕ್ಷಾ ಮೆಲ್ಲಗೆ, "ಸಾಕು ಮಾವಾ, ಹೋಗುವ" ಅಂದಳು. ಬೇಡ ಅನ್ನಲಿಕ್ಕೆ ಗೊತ್ತಿದ್ದ ಹುಡುಗಿ ಅದು, ಸಾಕು ಅಂದದ್ದು ಅದೇ ಮೊದಲು.

"ಕೂತುಕೊ" ಅಂದ ಸುಧಾಕರ. ಅವನೇ ಬಗ್ಗಿ ನೋಡಿದ. ಫೋಟೋದ ಹೆಸರಿನಲ್ಲಿ ಒಂದು ಕಡೆ ಇಂಗ್ಲಿಷಿನ ದೊಡ್ಡ ಅಕ್ಷರ, ಪುಟದಲ್ಲಿ ಬರೆಯುವಾಗ ಸಣ್ಣ ಅಕ್ಷರ. ಅವನ ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇದು ಹಿಡಿಯುತ್ತದೆ. ಅದನ್ನು ಅವನೇ ಹುಡುಕಿದ, ಯಾರೂ ಹೇಳಿ ಕೊಡಲಿಲ್ಲ. ಎಲ್ಲ ಹೆಸರನ್ನೂ ಸಣ್ಣ ಅಕ್ಷರ ಮಾಡಿದ, ನಡುವೆ ಜಾಗ ಬಿಟ್ಟದ್ದನ್ನೂ ತೆಗೆದ. ಇನ್ನೊಮ್ಮೆ ತೆರೆದ. ಸುರಕ್ಷಾ ಬಂದಳು, ತಲೆ ಓರೆ ಮಾಡಿಕೊಂಡು.

ಸಿಡಿ ಇನ್ನು ಮಸ್ಕತ್ತಿಗೆ ಮುಟ್ಟುವಾಗ ಕಾರ್ಕಳದವರಿಗೆ ಮಗು ಆದೀತು ಅಂತ, ಎಲ್ಲವನ್ನೂ ಒಂದು ಕಟ್ಟು ಕಟ್ಟಿ ಪೇಟೆಯ ಸೈಬರ್ ಅಂಗಡಿಯಿಂದ ಈಮೇಲ್ ಮಾಡಿದರು. ಅದು ಹೋಗುವಷ್ಟರಲ್ಲಿ ನಾನು ಎರಡು ಗೋಳಿಬಜೆ ತಿಂದು ಕನ್ನಡಕವನ್ನೂ ತೋರಿಸಿ ಬಂದೆ.

ಶನಿವಾರದವರೆಗೆ ಸುದ್ದಿ ಇಲ್ಲ. ಶನಿವಾರ ಸಂಜೆ ಫೋನ್ ಬಂತು. ಸುಧಾಕರ ಎತ್ತಿದ, ಕೇಳಿದ, ಮುಖ ಗಂಟು ಹಾಕಿಕೊಂಡ. ರಿಸೀವರ್ ಕೈಯಲ್ಲಿ ಮುಚ್ಚಿ ನನ್ನ ಹತ್ತಿರ ಹೇಳಿದ, "ಅಮ್ಮಾ, ಹುಡುಗನಿಗೆ ಮಂಡೆ ಸರಿ ಉಂಟಾ ಅಂತ ವಿಚಾರಿಸಬೇಕು. 'ಮಜ್ಜಿಗೆ ಮೂಗಿಗೆ ಹೋದವರು ಇವರೇ ಅಲ್ಲವಾ' ಅಂತ ಕೇಳ್ತಾನೆ."

ನಾನು ಹೇಳಿದೆ, "ಹೌದು ಅಂತ ಹೇಳು."

"ಎಂತ ಮಜ್ಜಿಗೆ?"

"ನಿನ್ನ ಸಿ ಡ್ರೈವಿನಲ್ಲಿ ಇಲ್ಲದ ಮಜ್ಜಿಗೆ. ಹೌದು ಅಂತ ಹೇಳು ಮಗನೇ."

ಹೇಳಿದ. ಆ ಕಡೆಯಿಂದ ಜಿತೇಶ್ ಅದೇ ದಿನ ಮಾವನಿಗೆ ಫೋನ್ ಮಾಡಿ, ಕಾರ್ಕಳಕ್ಕೆ ಹೋಗಬೇಡಿ, ನನಗೆ ಈ ಹುಡುಗಿಯೇ ಆಗಬೇಕು ಅಂದನಂತೆ. ಜತ್ತಪ್ಪ ಸುಮ್ಮನೆ ಒಪ್ಪುವ ಆಸಾಮಿಯಾ? ಒಂದು ಷರತ್ತು ಹಾಕಿದ. ಹುಡುಗಿಯ ಸೋದರಮಾವ ಬಂದು ಪಾಂಡುವಿನ ದೃಷ್ಟಿ ತೆಗೆಯಬೇಕು, ಅವನ ಸಿಡಿಯಿಂದ ಬಿದ್ದ ದೃಷ್ಟಿ ಅವನೇ ತೆಗೆಯಲಿ.

ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ನಮ್ಮ ಮಾಸ್ಟ್ರು ಬಂಟ್ವಾಳಕ್ಕೆ ಹೋದರು. ಹಟ್ಟಿಯ ಎದುರು ಉಪ್ಪು, ಒಣಮೆಣಸು ಹಿಡಿದು, ಆ ಕೋಣಕ್ಕೆ ಸುತ್ತು ತಂದು ಒಲೆಗೆ ಹಾಕಿದರು. ಪಾಂಡು ಒಮ್ಮೆ ಸೀನಿತು. ದೃಷ್ಟಿ ಹೋಯಿತು ಅಂತ ಜತ್ತಪ್ಪನ ತಾಯಿ ಹೇಳಿದರು. ಮೆಣಸಿನ ಹೊಗೆಗೆ ಜತ್ತಪ್ಪನೂ ಸೀನಿದ, ಆದರೆ ಅದರ ಅರ್ಥ ಯಾರೂ ಹೇಳಲಿಲ್ಲ. ಆ ವಾರ ಪಾಂಡು ಗೆದ್ದಿತು. ಗೆಲ್ಲದಿದ್ದರೆ ಸುರಕ್ಷಾ ಇವತ್ತಿಗೂ ಮೂಡುಬಿದಿರೆಯಲ್ಲಿ ವರ್ತಮಾನಕಾಲ ಭೂತಕಾಲ ಅಂತ ಪಾಠ ಮಾಡಿಕೊಂಡು ಇರಬೇಕಿತ್ತು.

ಮದುವೆ ಆಯಿತು. ಕಾರ್ಡನ್ನು ಜಿತೇಶನೇ ಕೂತು ಮಾಡಿದ, ಯಾವ ಹೆಸರೂ ಯಾವ ಹೆಸರಿನ ಮೇಲೂ ಬೀಳಲಿಲ್ಲ. ಮುಹೂರ್ತದವರೆಗೆ.

ಈಗ ನಿನ್ನ ಮಾಸ್ಟ್ರ ಕ್ಲಾಸಿನಲ್ಲಿ ಮೊದಲನೇ ಪಾಠ ಬೇರೆ ಆಗಿದೆಯಲ್ಲ. ಮಾಡಿದ ಕೆಲಸವನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು ತೋರಿಸದೆ ಅವನು ಯಾರನ್ನೂ ಪಾಸು ಮಾಡುವುದಿಲ್ಲ. ನಿನ್ನನ್ನೂ ಕಳಿಸಿದ್ದಾನಲ್ಲ, ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ? ಅದನ್ನು ಬರೆ. 'ದೂರದೃಷ್ಟಿ' ಅಂತ ಬೇಕಾದರೆ ಸೇರಿಸು, ಆದರೆ ಆ ದೃಷ್ಟಿ ಕೋಣದಿಂದ ತೆಗೆದದ್ದು ಅಂತಲೂ ಸೇರಿಸು.

ಮನುಷ್ಯ ಬದಲಾದ ಅಂತ ಮಾತ್ರ ಬರೆಯಬೇಡ. ನಿಮ್ಮ ಸನ್ಮಾನದ ಆಮಂತ್ರಣ ನೋಡಿದೆಯಾ? ನಮ್ಮ ಕಡೆಯ ಹಾಲ್ ಎಲ್ಲ ಮದುವೆಗಳಿಗೆ ಬುಕ್ ಆದದ್ದರಿಂದ ನಾಳೆ ಕಾರ್ಯಕ್ರಮ ಇರುವುದು ಮೂಡುಬಿದಿರೆಯಲ್ಲಿ. ಹಿಂದೆ ದಾರಿ ಬರೆದಿದ್ದಾನೆ, ಸ್ವಂತ ಕೈಯಿಂದ. 'ಗುರುವಾಯನಕೆರೆಯಲ್ಲಿ ನಮ್ಮ ಸಂಸ್ಥೆಯ ಎದುರಿನಿಂದ ಹೊರಟು, ವೇಣೂರು ಮಾರ್ಗವಾಗಿ' ಅಂತ. ಸುರಕ್ಷಾ, ಜಿತೇಶ್ ಮಸ್ಕತ್ತಿನಿಂದ ನಾಳೆಯೇ ಬರುವುದು. ಬಜ್ಪೆಯಲ್ಲಿ ಇಳಿದು ಟ್ಯಾಕ್ಸಿಯಲ್ಲಿ ನಿಮ್ಮ ತೋಡಾರು ದಾಟಿ ಬಂದರೆ ಮೂಡುಬಿದಿರೆಯೇ ಮೊದಲು ಸಿಗುವುದು. ಅವರಿಬ್ಬರು ನಿದ್ದೆ ಹೋಗಿ, ಆ ಟ್ಯಾಕ್ಸಿಯವನ ಕೈಯಲ್ಲಿ ಇವನ ಕಾರ್ಡ್ ಇದ್ದರೆ ಹಾಲ್ ಎದುರಿನಿಂದಲೇ ಹಾದು, ಇಲ್ಲಿ ಗುರುವಾಯನಕೆರೆಗೆ ಬಂದು, ಬಾಗಿಲು ಹಾಕಿದ ಅಂಗಡಿ ನೋಡಿ, ತಿರುಗಿ ಹೋಗಬೇಕು. ಅಷ್ಟರಲ್ಲಿ ಹಾರ ಬಾಡುತ್ತದೆ.

ಹಾಗಾಗಿ ನೀನು ಒಂದು ಕೆಲಸ ಮಾಡು ಮಗಾ. ಈಗ ಹೋಗುವಾಗ ತೋಡಾರಿನಲ್ಲಿ ಇಳಿಯುವವಳಲ್ಲವಾ? ನಿನ್ನ ಮಾವ ಮೊಯ್ದೀನನ ಅಂಗಡಿ ರಸ್ತೆಗೇ ಉಂಟಲ್ಲ. ಅವನಿಗೆ ಹೇಳು, ನಾಳೆ ಬೆಳಿಗ್ಗೆ ಹೊರಗೆ ಕುರ್ಚಿ ಹಾಕಿ ಕೂರಲಿ, ಟ್ಯಾಕ್ಸಿ ಬಂದರೆ ಕೈ ಅಡ್ಡ ಹಿಡಿಯಲಿ. 'ನೀವಿರುವಲ್ಲಿಂದ ಸೀದಾ ಮುಂದೆ, ಪೇಟೆ ಸಿಕ್ಕಿದ ಮೇಲೆ ಹಾಲ್' ಅಂತ ಅಷ್ಟೇ ಹೇಳಿದರೆ ಸಾಕು, ಗುರುವಾಯನಕೆರೆಯ ಹೆಸರು ಎತ್ತುವುದು ಬೇಡ. ಮತ್ತೆ ಸುರಕ್ಷಾಳಿಗೆ ಅಂತ ಒಂದು ಉಪ್ಪಿನಕಾಯಿ ಭರಣಿ ಕಟ್ಟಿ ಇಟ್ಟಿದ್ದೇನೆ, ಅದನ್ನೂ ಅವನ ಕೈಗೇ ಕೊಡು. ಎಲ್ಲಿ ಉಂಟು ಅಂತ ನನ್ನ ಅಡಿಗೆಮನೆಯೆಲ್ಲ ಹುಡುಕಬೇಡ. ನೀನು ಕೂತಲ್ಲಿಂದ ಕೈ ಹಿಂದೆ ಚಾಚು, ಕಂಬದ ಪಕ್ಕದಲ್ಲೇ ಉಂಟು.